ಪೂಲ್ ನೀರು ಟೀ ಬಣ್ಣಕ್ಕೆ ತಿರುಗಿದರೆ

ನಮ್ಮ ಅಪಾರ್ಟ್‌ಮೆಂಟ್ ಪೂಲ್‌ಗೆ ಬೋರ್‌ವೆಲ್ ನೀರು ತುಂಬಿಸಿ ರಾತ್ರಿ ಕ್ಲೋರಿನ್ ಹಾಕಿದ್ದೆವು. ಬೆಳಗ್ಗೆ ನೋಡಿದರೆ ನೀರು ಹಾಲು ಹಾಕದ ಟೀ ಥರ! ಮೆಟ್ಟಿಲ ಮೇಲೆಲ್ಲ ಕಂದು ಕಲೆ. ಪಾಚಿ ಅಂದುಕೊಂಡು ಇನ್ನಷ್ಟು ಕ್ಲೋರಿನ್ ಸುರಿದೆವು. ಅದೇ ತಪ್ಪಾಗಿದ್ದು. ಬೋರ್ ನೀರಲ್ಲಿ ಕರಗಿರುವ ಕಬ್ಬಿಣ ಕಣ್ಣಿಗೆ ಕಾಣುವುದಿಲ್ಲ, ಕ್ಲೋರಿನ್ ತಾಗಿದರೆ ತುಕ್ಕಾಗಿ ಹೊರಬರುತ್ತದೆ.

ಪರೀಕ್ಷೆ ಸುಲಭ. ಮೆಡಿಕಲ್ ಶಾಪ್‌ನ ವಿಟಮಿನ್ ಸಿ ಮಾತ್ರೆಯನ್ನು ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. (ಮಾತ್ರೆಯ ಕಿತ್ತಳೆ ಬಣ್ಣ ಅಂಟಿದರೆ ಗಾಬರಿ ಬೇಡ, ತೊಳೆದುಹೋಗುತ್ತದೆ.) ಕಲೆ ತಿಳಿಯಾದರೆ ಅದು ಕಬ್ಬಿಣವೇ. ಎಲೆ ಕೊಳೆತ ಕಲೆ ಇದಕ್ಕೆ ಜಗ್ಗುವುದಿಲ್ಲ, ಅದಕ್ಕೆ ಕ್ಲೋರಿನ್ನೇ ಮದ್ದು. ನೀಲಿ-ಹಸಿರು ಕಲೆಯಾದರೆ ತಾಮ್ರ. ಪಾಚಿಗೆಂದು ಮೈಲುತುತ್ತ ಜಾಸ್ತಿ ಹಾಕಿದ್ದಾರಾ, ಕೇಳಿ.

ಕಬ್ಬಿಣವಾದರೆ ಮೊದಲು ಕ್ಲೋರಿನ್ ಪೂರ್ತಿ ಇಳಿಯಲಿ, ಅದು ಮತ್ತೆ ಸರಿಯಾದ ಮಟ್ಟಕ್ಕೆ ಏರುವವರೆಗೆ ಯಾರೂ ಈಜುವುದು ಬೇಡ. ಇಳಿದ ಮೇಲೆ ಆಸ್ಕಾರ್ಬಿಕ್ ಆಸಿಡ್ (ಅದೇ ವಿಟಮಿನ್ ಸಿ) ಪುಡಿ ಹಾಕಿ ಪಂಪ್ ಓಡಿಸಿ. ಕಲೆ ಹೋದರೂ ಕಬ್ಬಿಣ ನೀರಲ್ಲೇ ಇರುತ್ತದೆ! ಹಾಗಾಗಿ ಲೋಹ ಹಿಡಿದಿಡುವ ಸೀಕ್ವೆಸ್ಟ್ರೆಂಟ್ ಹಾಕಿ, ಪಿಎಚ್ 7.2ರಿಂದ 7.6ರ ಒಳಗೆ ತಂದು, ಕ್ಲೋರಿನ್ ನಿಧಾನವಾಗಿ ಏರಿಸಿ.

ಟ್ಯಾಂಕರ್ ನೀರೂ ಹೆಚ್ಚಾಗಿ ಬೋರ್‌ನದೇ ಅಲ್ವಾ? ತುಂಬಿಸುವ ಮುಂಚೆ ಬಿಳಿ ಬಕೆಟ್‌ನಲ್ಲಿ ಹಿಡಿದು, ಸ್ವಲ್ಪ ಕ್ಲೋರಿನ್ ಹಾಕಿ, ರಾತ್ರಿ ಇಟ್ಟು ನೋಡಿ.