ಬೇಸಿಗೆ ದಾಟಿದ ನನ್ನ ಜೆರೇನಿಯಂ

ಗಂಗಾವತಿಯಲ್ಲಿ ಜೆರೇನಿಯಂ ಹೂವಿನ ಗಿಡ ಬೆಳೆಯುತ್ತೇನೆ ಅಂದಾಗ ಮನೆಯವರೂ ನಂಬಲಿಲ್ಲ. ಊರ ಸುತ್ತ ಬಂಡೆಗಳ ಬೆಟ್ಟ. ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಬಂಡೆ ರಾತ್ರಿಯೂ ಝಳ ಬಿಡುತ್ತದೆ.

ಮೊದಲ ಸಲ ಬೆಂಗಳೂರಿನಿಂದ 4 ಗಿಡ ತಂದೆ. ಕುಂಡಕ್ಕೆ ಹೊಲದ ಎರೆ ಮಣ್ಣು ತುಂಬಿದೆ. ಬಿಸಿಲಿಗೆ ಬಾಯಾರಿರುತ್ತದೆ ಅಲ್ವಾ ಅಂತ ದಿನಾ ಸಂಜೆ ನೀರು ಹಾಕಿದೆ. ಏಪ್ರಿಲ್ ಮುಗಿಯುವುದರೊಳಗೆ ಕಾಂಡದ ಬುಡ ಇದ್ದಿಲಿನಂತೆ ಕಪ್ಪಾಗಿ, ಮೆತ್ತಗಾಗಿ, ನಾಲ್ಕೂ ಹೋದವು. ಬಹಳ ಸಂಕಟವಾಯಿತು.

ಆಮೇಲೆ ಓದಿ ತಿಳಿದುಕೊಂಡೆ. ನಾವು ಜೆರೇನಿಯಂ ಅನ್ನುವ ಈ ಗಿಡದ ಸರಿಯಾದ ಹೆಸರು ಪೆಲಾರ್ಗೋನಿಯಂ. ತವರು ದಕ್ಷಿಣ ಆಫ್ರಿಕಾ. ದಪ್ಪ ಕಾಂಡದಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ, ಬೇರಿಗೆ ಮಾತ್ರ ಒದ್ದೆ ಆಗದು. ಚಳಿ ದೇಶದವರು ಹಿಮ ಬೀಳುವ ಮೊದಲೇ ಒಳಗೆ ತಂದು, ನೀರು ಕಡಿಮೆ ಮಾಡಿ, ಗಿಡವನ್ನು ಮಲಗಿಸುತ್ತಾರೆ, ಅಂದರೆ ಬೆಳೆಯದೆ ವಿಶ್ರಾಂತಿಯಲ್ಲಿರಲು ಬಿಡುತ್ತಾರೆ. ನಮ್ಮಲ್ಲಿ ಹಿಮ ಎಲ್ಲಿದೆ? ನಮ್ಮ ಗಿಡಕ್ಕೆ ಕಷ್ಟದ ಕಾಲ ಏಪ್ರಿಲ್, ಮೇ. ಹಾಗಾದರೆ ನಾನು ಆಗಲೇ ಮಲಗಿಸಬೇಕು.

ಈಗ ಮಾರ್ಚ್ ಕೊನೆಗೆ ಗಿಡದ ಮೂರನೇ ಒಂದು ಭಾಗ ಕತ್ತರಿಸಿ, ಕುಂಡಗಳನ್ನು ಉತ್ತರದ ಪಡಸಾಲೆಗೆ ಸೇರಿಸುತ್ತೇನೆ. ಬೆಳಗಿನ ಎಳೆ ಬಿಸಿಲು ಸಾಕು. ಗೊಬ್ಬರ ಬಂದ್. ಬೆರಳು ಒಂದು ಇಂಚು ಒಳಗೆ ಹೋದರೂ ಮಣ್ಣು ಒಣಗಿದ್ದರೆ ಮಾತ್ರ, ಬೆಳಗ್ಗೆ, ಬುಡಕ್ಕೆ ನೀರು. ಕೆಳಗಿನ ಎಲೆ ಹಳದಿಯಾಗಿ ಉದುರುತ್ತವೆ. ಅದಕ್ಕೆ ಹೆದರಿ ಜಾಸ್ತಿ ನೀರು ಹಾಕಬೇಡಿ!

ಮಣ್ಣನ್ನೂ ಬದಲಿಸಿದೆ. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದೊಂದು ಪಾಲು ದಪ್ಪ ಮರಳು, ಹಳೇ ಸಗಣಿ ಗೊಬ್ಬರ, ಸುಟ್ಟು ಕರಿ ಮಾಡಿದ ಭತ್ತದ ಹೊಟ್ಟು. ನಮ್ಮೂರ ತುಂಬ ರೈಸ್ ಮಿಲ್ ಇರುವಾಗ ಹೊಟ್ಟಿಗೇನು ಕೊರತೆ? ಪ್ಲಾಸ್ಟಿಕ್ ಬಿಟ್ಟು ಮಣ್ಣಿನ ಕುಂಡ ಹಿಡಿದೆ. ಮಳೆಗಾಲದಲ್ಲೂ ಸೂರಿನ ಕೆಳಗೇ ಇಡುತ್ತೇನೆ.

ಅಕ್ಟೋಬರ್‌ನಲ್ಲಿ ಹೊಸ ಸಸಿ ಮಾಡುತ್ತೇನೆ. ಗೆಣ್ಣಿನ ಕೆಳಗೆ 4 ಇಂಚಿನ ಕುಡಿ ಕತ್ತರಿಸಿ, ಕೆಳಗಿನ ಎಲೆ ಕಿತ್ತು, ಗಾಯ ಒಣಗಲು ಅರ್ಧ ದಿನ ನೆರಳಲ್ಲಿ ಇಡುತ್ತೇನೆ. ಆಮೇಲೆ ಮರಳಿಗೆ ಊರುತ್ತೇನೆ. ಮೇಲೆ ಕವರ್ ಮುಚ್ಚಬಾರದು, ಕೊಳೆಯುತ್ತದೆ. ಸುಮಾರು ಒಂದು ತಿಂಗಳಿಗೆ ಬೇರು ಬರುತ್ತದೆ. ತುದಿ ಚಿವುಟಿದರೆ ಕವಲು ಒಡೆಯುತ್ತದೆ. ಜನವರಿಗೆ ಕೆಂಪು ಗೊಂಚಲು ನಿಲ್ಲುತ್ತವೆ. ಬಾಡಿದ ಗೊಂಚಲನ್ನು ದಂಟಿನ ಸಮೇತ ಮುರಿದರೆ ಹೊಸದು ಬೇಗ ಬರುತ್ತದೆ.

ರೀಗಲ್ ಜಾತಿಯನ್ನೂ ತಂದು ನೋಡಿದೆ. ಅದಕ್ಕೆ ಮೊಗ್ಗು ಕಟ್ಟಲು ವಾರಗಟ್ಟಲೆ ತಂಪು ರಾತ್ರಿ ಬೇಕು. ಬರೀ ಎಲೆ ಬಂತು. ಎಲೆಯಲ್ಲಿ ಉಂಗುರ ಇರುವ ಜೋನಲ್ ಜಾತಿಯೇ ನಮ್ಮೂರಿಗೆ ಸರಿ. ಕಳೆದ ಬೇಸಿಗೆಗೆ 11 ಕುಂಡ ಒಳಗಿಟ್ಟಿದ್ದೆ, 9 ಉಳಿದವು.