ಹೆಲ್ತ್ ಚೆಕ್ ಆಯ್ತು ಅಂತ ನಿಶ್ಚಿಂತೆಯಾಗಿ ಕೂರಬೇಡಿ

ಇಂಗ್ಲೆಂಡಿಗೆ ಬಂದ ಕೂಡಲೇ ಜಿಪಿ, ಅಂದರೆ ನಮ್ಮ ಏರಿಯಾದ ಡಾಕ್ಟರ ಹತ್ತಿರ ಹೆಸರು ಬರೆಸಬೇಕು ಅನ್ನೋದು ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ನಲವತ್ತು ದಾಟಿದವರನ್ನು ಐದು ವರ್ಷಕ್ಕೊಮ್ಮೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಹೆಲ್ತ್ ಚೆಕ್‌ಗೆ ಕರೆಯುತ್ತಾರಲ್ಲ, ನಾನು ಎಡವಿದ್ದು ಅಲ್ಲಿ. ಮೊನ್ನೆ ಹೊಸದಾಗಿ ಬಂದ ಇಬ್ಬರು ಅದೇ ಮಾತು ಹೇಳಿದರು: "ರಕ್ತ ಪರೀಕ್ಷೆ ಆಯ್ತು ಸರ್, ಎಲ್ಲಾ ನಾರ್ಮಲ್."

ಎಲ್ಲಾ ನೋಡಿರುವುದಿಲ್ಲ. ಆ ಚೆಕ್‌ನಲ್ಲಿ ಬಿಪಿ, ಕೊಲೆಸ್ಟರಾಲ್, ತೂಕ, ಕೆಲವರಿಗೆ ಶುಗರ್ ನೋಡುತ್ತಾರೆ. ಪ್ರಾಸ್ಟೇಟ್ ಅಂದರೆ ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ. ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವು ಕೊಡುವ ಪಿಎಸ್‌ಎ ಎಂಬ ರಕ್ತ ಪರೀಕ್ಷೆ ಅದರಲ್ಲಿಲ್ಲ. ಬೆಂಗಳೂರಿನ ಮಾಸ್ಟರ್ ಹೆಲ್ತ್ ಚೆಕಪ್‌ಗಳಲ್ಲಿ ಗಂಡಸರಿಗೆ ಅದೂ ಸೇರಿರುವುದುಂಟು. ಇಲ್ಲೂ ಹಾಗೇ ಅಂದುಕೊಂಡೆ. ಕರುಳಿನ ಕ್ಯಾನ್ಸರ್ ಪರೀಕ್ಷೆಯ ಕಿಟ್ ಅಂಚೆಯಲ್ಲಿ ಮನೆಗೇ ಬಂದಿತ್ತು. ಪ್ರಾಸ್ಟೇಟ್‌ಗೂ ಒಂದು ಕಾಗದ ಬರುತ್ತದೆ ಅಂತ ಸುಮ್ನೆ ಮೂರು ವರ್ಷ ಕಾದೆ. ಬರಲಿಲ್ಲ. ಎಲ್ಲ ಗಂಡಸರನ್ನೂ ಈ ಪರೀಕ್ಷೆಗೆ ಕರೆಯುವ ಏರ್ಪಾಡೇ ಇಲ್ಲಿಲ್ಲ. ನಾವೇ ಹೋಗಿ ಕೇಳಬೇಕು.

ಇದನ್ನು ತಿಳಿಸಿದ್ದು ಬಸ್ ಡಿಪೋದಲ್ಲಿ ನನ್ನ ಜೊತೆ ಕೆಲಸ ಮಾಡುವ ಜಮೈಕಾ ಮೂಲದ ಗೆಳೆಯ, ಅವನ ಪೂರ್ವಿಕರು ಆಫ್ರಿಕಾದವರು. ಅವನಿಗೆ 47. ಅವನ ಅಪ್ಪನಿಗೆ ಇದೇ ಕಾಯಿಲೆ ಇತ್ತು. ಪರೀಕ್ಷೆ ಮಾಡಿಸಲು ಹೋದಾಗ ಕ್ಲಿನಿಕ್‌ನ ಕೌಂಟರಿನಲ್ಲಿ ಮೂತ್ರದ ತೊಂದರೆ ಇದೆಯಾ ಎಂದು ಕೇಳಿ, ಇಲ್ಲ ಅಂದಿದ್ದಕ್ಕೆ ಐವತ್ತಾದ ಮೇಲೆ ಬನ್ನಿ ಅಂದರಂತೆ. ಕ್ಯಾಂಟೀನಿನಲ್ಲಿ ಟೀ ಕಪ್ ಪಕ್ಕಕ್ಕಿಟ್ಟು, ನಾಲ್ಕು ಬೆರಳು ತೋರಿಸಿ ಒಂದನ್ನು ಮಡಚಿದ. ಬ್ರಿಟನ್ನಿನಲ್ಲಿ ಒಟ್ಟಾರೆ 8 ಗಂಡಸರಲ್ಲಿ ಒಬ್ಬರಿಗೆ ಈ ಕ್ಯಾನ್ಸರ್ ಬರುತ್ತದೆ. ಆಫ್ರಿಕನ್ ಮೂಲದವರಲ್ಲಿ 4ರಲ್ಲಿ ಒಬ್ಬರಿಗೆ. ಚಿಕ್ಕ ವಯಸ್ಸಿನಲ್ಲಿ ಬರುವ ಸಾಧ್ಯತೆಯೂ ಜಾಸ್ತಿ. ವಂಶವಾಹಿಗಳ ಪಾತ್ರ ಇದೆ. ಆದರೆ ಎಲ್ಲ ಹೊರೆಯನ್ನೂ ರಕ್ತದ ಮೇಲೆ ಹಾಕುವುದು ತಪ್ಪು. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಎಲ್ಲರಿಗೂ ಒಂದೇ ಥರದ ಚಿಕಿತ್ಸೆ ಸಿಗುತ್ತದೆ, ಅಲ್ಲಿ ಈ ಕ್ಯಾನ್ಸರ್‌ನಿಂದ ಸಾಯುವವರಲ್ಲಿ ಕಪ್ಪು ಮತ್ತು ಬಿಳಿಯ ಗಂಡಸರ ನಡುವಿನ ಅಂತರ ಬಹಳ ಕಡಿಮೆ.

ತೊಂದರೆ ಕಾಣಿಸಲಿ ಅಂತ ಮಾತ್ರ ಕಾಯಬೇಡಿ. ಗಡ್ಡೆ ಹೆಚ್ಚಾಗಿ ಗ್ರಂಥಿಯ ಹೊರಭಾಗದಲ್ಲಿ ಶುರುವಾಗುತ್ತದೆ, ಮೂತ್ರನಾಳವನ್ನು ಒತ್ತುವುದಿಲ್ಲ. ಹಾಗಾಗಿ ಮೊದಮೊದಲು ಏನೂ ಗೊತ್ತಾಗುವುದಿಲ್ಲ.

ಐವತ್ತಾದವರು ಡಾಕ್ಟರ ಜೊತೆ ಮಾತಾಡಿ ಉಚಿತವಾಗಿ ಪಿಎಸ್‌ಎ ಮಾಡಿಸಬಹುದು. ಆಫ್ರಿಕನ್ ಮೂಲದವರು, ಅಪ್ಪನಿಗೋ ಅಣ್ಣನಿಗೋ ಈ ಕಾಯಿಲೆ ಇದ್ದವರು 45ಕ್ಕೇ ಮಾತಾಡಿ ಅನ್ನುತ್ತದೆ ಪ್ರಾಸ್ಟೇಟ್ ಕ್ಯಾನ್ಸರ್ ಯುಕೆ ಸಂಸ್ಥೆ. ಯಲ್ಲಾಪುರ, ಹಳಿಯಾಳ ಕಡೆಯ ನಮ್ಮ ಸಿದ್ದಿ ಜನರ ಮೂಲವೂ ಆಫ್ರಿಕಾ. ಫಾರಂನಲ್ಲಿ ಬರೀ 'ಇಂಡಿಯನ್' ಅಂತ ತುಂಬಿದರೆ ಡಾಕ್ಟರಿಗೆ ಅದು ಹೇಗೆ ಗೊತ್ತಾಗಬೇಕು? ಬಾಯಿಬಿಟ್ಟು ಹೇಳಿ.

ನಮ್ಮೂರಲ್ಲಿ ಏನೂ ವಿವರಿಸದೆ ರಕ್ತ ತೆಗೆದು, ಪಿಎಸ್‌ಎ ಜಾಸ್ತಿ ಇದೆ ಅಂತ ಗಾಬರಿ ಹುಟ್ಟಿಸುವುದುಂಟು. ಇಲ್ಲಿ ಮೊದಲು ಕೂರಿಸಿ ಮಾತಾಡುತ್ತಾರೆ, ಜಾಸ್ತಿ ಬಂದರೆ ಬಯಾಪ್ಸಿಗೆ ಮೊದಲು ಎಂಆರ್‌ಐ ಮಾಡುತ್ತಾರೆ. ನನಗೆ ಇಲ್ಲಿಯದೇ ಮೇಲು. ಆದರೆ ಎರಡು ಪಟ್ಟು ಅಪಾಯ ಇರುವವರನ್ನೂ ನೀವೇ ಬಂದು ಕೇಳಿ ಅಂತ ಬಿಟ್ಟುಬಿಡುವುದು ಅನ್ಯಾಯ.

ಕೌಂಟರಿನಲ್ಲಿ 'ಚೆಕಪ್' ಅನ್ನಬೇಡಿ, ಮತ್ತೆ ಹೆಲ್ತ್ ಚೆಕ್‌ಗೇ ಕಳಿಸುತ್ತಾರೆ. ಪಿಎಸ್‌ಎ ಬಗ್ಗೆ ಡಾಕ್ಟರ ಜೊತೆ ಮಾತಾಡಬೇಕು ಅನ್ನಿ. ಗೆಳೆಯ ಎರಡನೇ ಸಲ ಹೋದಾಗ ಅಪ್ಪನ ವಿಷಯವನ್ನೇ ಮೊದಲು ಹೇಳಿದ. ಆ ವಾರವೇ ರಕ್ತ ಕೊಟ್ಟು ಬಂದ. ಅದಕ್ಕೆ ಮುಂಚಿನ ಎರಡು ದಿನ ಸೈಕಲ್ ಮುಟ್ಟಲಿಲ್ಲ, ಡಿಪೋಗೆ ನಡೆದೇ ಬಂದ. ಸೈಕಲ್ ತುಳಿದರೆ ಪಿಎಸ್‌ಎ ಏರಿ ತೋರಿಸಬಹುದು ಅಂತ ಡಾಕ್ಟರೇ ಹೇಳಿದ್ದರಂತೆ.