ಮೂರನೇ ಭೇಟಿಗೇ ಮೆಟ್ಟಿಲು ಹತ್ತಿಸಿದೆ: ಮಕ್ಕಳ ಸಿಬಿಟಿಯಲ್ಲಿ ನನ್ನ ಅನುಭವ

ಸಿಬಿಟಿ ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸುವ ಮಾತಿನ ಚಿಕಿತ್ಸೆ. ಅದರಲ್ಲಿ ಮೂರನೇ ಭೇಟಿಯಲ್ಲೇ ಎಕ್ಸ್‌ಪೋಶರ್, ಅಂದರೆ ಭಯ ಆಗುವುದನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವುದು, ಶುರು ಮಾಡುತ್ತೇನೆ ಅಂದಾಗ ಜೊತೆಯ ಚಿಕಿತ್ಸಕರು ಯಾರೂ ಒಪ್ಪಲಿಲ್ಲ. ಮಗು ಮತ್ತೆ ಬರುವುದೇ ಇಲ್ಲ, ಮನೆಯವರು ಜಗಳಕ್ಕೆ ನಿಲ್ಲುತ್ತಾರೆ ಅಂದರು. ಈಗ ಆರೇಳು ವರ್ಷ ಆಯಿತು. ದಾವಣಗೆರೆಯ ನನ್ನ ಸಣ್ಣ ಕ್ಲಿನಿಕ್ಕಿಗೆ ಶಾಲೆ ಬೇಡ ಅನ್ನುವವರು, ಪರೀಕ್ಷೆ ಭಯದವರು, ಅಮ್ಮನ ಸೆರಗು ಬಿಡದವರು ಬರುತ್ತಾರೆ. ಹತ್ತು ಮಕ್ಕಳಲ್ಲಿ ಆರೇಳು ಮಕ್ಕಳು ಚೆನ್ನಾಗಿ ಸುಧಾರಿಸುತ್ತಾರೆ. ಮೊದಲು ಮೂರು ಮಕ್ಕಳೂ ಕೊನೆಯವರೆಗೆ ಉಳಿಯುತ್ತಿರಲಿಲ್ಲ.

ನಾವೆಲ್ಲ ಕಲಿತ ಕ್ರಮ ನಿಮಗೆ ಗೊತ್ತೇ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಕೆಂಡಾಲ್ ಅವರ ಕೋಪಿಂಗ್ ಕ್ಯಾಟ್ ಅನ್ನುವ, ಮಕ್ಕಳ ಭಯಕ್ಕಾಗಿ ಮಾಡಿದ ಸಿಬಿಟಿ ಕಾರ್ಯಕ್ರಮದಲ್ಲಿ 16 ಸೆಷನ್. ಮೊದಲರ್ಧ ಕಲಿಸುವುದು, ಎಕ್ಸ್‌ಪೋಶರ್ ಉಳಿದರ್ಧದಲ್ಲಿ. ನನ್ನಲ್ಲಿಗೆ ಹರಪನಹಳ್ಳಿ, ಚನ್ನಗಿರಿ ಕಡೆಯಿಂದ ಬರುವವರು ನಾಲ್ಕನೇ ಭೇಟಿಗೇ ನಿಲ್ಲಿಸುತ್ತಿದ್ದರು. ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು, ಊಟ, ನನ್ನ ಫೀಸು 600. ಸಾವಿರ ದಾಟುತ್ತಿತ್ತು. ಮಗುವಿಗೆ ಧೈರ್ಯ ಬರುವ ಭಾಗ ಶುರುವಾಗುವ ಮೊದಲೇ ಅವರ ದುಡ್ಡು ಮುಗಿಯುತ್ತಿತ್ತು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಅಮ್ಮಂದಿರೇ ಕರೆದುಕೊಂಡು ಬರುವುದು ಜಾಸ್ತಿ ಆಗಿದೆ. ಆದರೂ 16 ಭೇಟಿ ಅನ್ನುವುದು ಆಗದ ಮಾತು.

ಏನೇನು ಕೈಕೊಟ್ಟಿತು ಅಂತಲೂ ಹೇಳುತ್ತೇನೆ. ಭಯ ಆದಾಗ ಬಂದ ಯೋಚನೆ ಬರೆದಿಡುವ ಥಾಟ್ ರೆಕಾರ್ಡ್ ಹಾಳೆಗಳನ್ನು ಚಿತ್ರ ಹಾಕಿಸಿ, ಬಣ್ಣದಲ್ಲಿ ಮುದ್ರಿಸಿದೆ. ನಾಲ್ಕೈದು ಸಾವಿರ ಖರ್ಚು. ಅರ್ಧ ಖಾಲಿ ಬಂದವು, ಉಳಿದರ್ಧ ಅಕ್ಕನ ಕೈಬರಹದಲ್ಲಿ ಬಂದವು. ಮಗುವಿಗೆ ಅದು ಇನ್ನೊಂದು ಹೋಂವರ್ಕ್. ಉಸಿರಾಟದ ಆಡಿಯೋ ಮಾಡಿಸಿದೆ, ಅದಕ್ಕೊಂದಿಷ್ಟು ಹೋಯಿತು. ಒಬ್ಬ ಹುಡುಗ ಗೇಟಿನ ಹತ್ತಿರ ನಿಂತು ಆ ಉಸಿರಾಟ ಮುಗಿಸದೆ ಒಳಗೆ ಕಾಲಿಡಲ್ಲ ಅನ್ನತೊಡಗಿದ. ಭಯ ಇಳಿಸಲು ಕೊಟ್ಟದ್ದೇ ಸೇಫ್ಟಿ ಬಿಹೇವಿಯರ್ ಆಯಿತು, ಅಂದರೆ ಅದಿಲ್ಲದೆ ಭಯ ಎದುರಿಸಲು ಆಗದ ಊರುಗೋಲು. ಬಹುಮಾನದ ಚಾರ್ಟ್ ಪೆನ್ಸಿಲ್‌ನಿಂದ ಶುರುವಾಗಿ ಕ್ರಿಕೆಟ್ ಬ್ಯಾಟಿಗೆ ಹೋಗಿ ನಿಂತಿತು. ಈಗ ಬಹುಮಾನ ಅಂದರೆ ಭಾನುವಾರದ ತಿಂಡಿ ಯಾವುದು ಅಂತ ಮಗುವೇ ಹೇಳುವುದು, ಅಪ್ಪನ ಜೊತೆ ಸಂಜೆ ಗಾಡಿಯಲ್ಲಿ ಒಂದು ಸುತ್ತು. ದುಡ್ಡು ಬೇಡ, ಮಕ್ಕಳಿಗೆ ಇದೇ ಹೆಚ್ಚು ಇಷ್ಟ.

ಈಗಿನ ಕ್ರಮ ಹೀಗಿದೆ. ಮೊದಲ ಭೇಟಿಗೆ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರೆಲ್ಲ ಬರಬೇಕು. ಭಯ ಆದಾಗ ಯಾರು ಏನು ಮಾಡುತ್ತಾರೆ ಅಂತ ಕೇಳಿ ಬರೆದುಕೊಳ್ಳುತ್ತೇನೆ. ಎರಡನೆಯದರಲ್ಲಿ ಭಯದ ಅಳತೆ ಮತ್ತು ಮೆಟ್ಟಿಲು, ಅಂದರೆ ಕಡಿಮೆ ಭಯದ ಕೆಲಸದಿಂದ ಹೆಚ್ಚು ಭಯದ್ದಕ್ಕೆ ಹೋಗುವ ಪಟ್ಟಿ. ಸೊನ್ನೆಯಿಂದ ಹತ್ತು ಅಂತ ಕೇಳಿದರೆ ಸಣ್ಣವರು ಯಾವಾಗಲೂ ಹತ್ತೇ ಹೇಳುತ್ತಾರೆ. ಹಾಗಾಗಿ ಭಯವನ್ನು ಹೊಳೆ ನೀರು ಮಾಡಿಕೊಂಡೆವು. ಮೊಣಕಾಲಿಗಾ, ಸೊಂಟಕ್ಕಾ, ಎದೆಗಾ, ಕತ್ತಿಗಾ? ಏಳು ವರ್ಷದವರೂ ಕೈ ಇಟ್ಟು ತೋರಿಸುತ್ತಾರೆ. ಸೊಂಟದ ಮಟ್ಟದ ಕೆಲಸದಿಂದ ಮೂರನೇ ಭೇಟಿಯಲ್ಲಿ ಶುರು. ಸೆಷನ್ ಮುಕ್ಕಾಲು ಗಂಟೆ ದಾಟಲ್ಲ. ಭೇಟಿಗಳ ನಡುವೆ ಐದು ನಿಮಿಷದ ಎರಡು ಫೋನ್ ಕರೆ. ಮೊದಲ ನಾಲ್ಕು ಭೇಟಿಗೆ ಒಟ್ಟು 1,600 ತೆಗೆದುಕೊಳ್ಳುತ್ತೇನೆ, ಫೋನ್ ಸೇರಿ. ಮೊದಲ ವರ್ಷ ನಲವತ್ತು ಸಾವಿರದಷ್ಟು ಕಡಿಮೆ ಬಂತು. ಎರಡನೇ ವರ್ಷ ಸರಿಹೋಯಿತು, ಯಾಕೆಂದರೆ ಜನ ಉಳಿದರು.

ಉದಾಹರಣೆಗೆ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಮಕ್ಕಳ ಡಾಕ್ಟರು ಪರೀಕ್ಷೆ ಮಾಡಿ, ಸ್ಕ್ಯಾನ್ ಮಾಡಿಸಿ, ಏನೂ ಇಲ್ಲ ಅಂದಿದ್ದರು. ಮೆಟ್ಟಿಲು ಚೆನ್ನಾಗೇ ಇತ್ತು. ಭಾನುವಾರ ಖಾಲಿ ಶಾಲೆಯ ಗೇಟಿನವರೆಗೆ. ಆಮೇಲೆ ಯೂನಿಫಾರ್ಮ್ ಹಾಕಿಕೊಂಡು ಅಲ್ಲೇ. ಆಮೇಲೆ ಒಂದು ಪೀರಿಯಡ್. ಎರಡು ವಾರ ಆದರೂ ಗೇಟಿನಿಂದ ಮುಂದೆ ಹೋಗಲಿಲ್ಲ. ಕಾರಣ ಮನೆಯಲ್ಲಿತ್ತು. ಹೊಟ್ಟೆ ಹಿಡಿದುಕೊಂಡ ತಕ್ಷಣ ಅಜ್ಜಿ ಕಷಾಯ ಕುಡಿಸಿ, ಪಕ್ಕದಲ್ಲಿ ಮಲಗಿಸಿಕೊಂಡು, ಟಿವಿ ಹಾಕುತ್ತಿದ್ದರು. ಅವರನ್ನು ದೂರ ಇಡಿ ಅಂತ ಹಲವರು ಹೇಳುತ್ತಾರೆ. ನಾನು ಅವರನ್ನೇ ಕರೆಸಿ ಕೆಲಸ ಕೊಟ್ಟೆ. "ಹೊಟ್ಟೆ ನೋಯ್ತಿದ್ರೂ ಹೋಗಿ ಬಾ ಮಗ, ಸಂಜೆಗೆ ಮಂಡಕ್ಕಿ ಮಾಡಿರ್ತೀನಿ" ಅನ್ನುವುದಷ್ಟೇ. "ಏನೂ ಆಗಲ್ಲ" ಅನ್ನಬಾರದು. ಆರು ವಾರದ ಹೊತ್ತಿಗೆ ಹುಡುಗ ಪೂರ್ತಿ ದಿನ ಕೂತ. ಅಜ್ಜಿಯರನ್ನು ಒಪ್ಪಿಸಲು ನಾನು ಕೇಳುವ ಒಂದು ಪ್ರಶ್ನೆ ಇದೆ. ಅದನ್ನು ಇಲ್ಲಿ ಬರೆಯಲ್ಲ. ಬಂದು ಎರಡು ಸೆಷನ್ ಕೂತು ನೋಡಿದವರಿಗೆ ತಾನಾಗಿ ಗೊತ್ತಾಗುತ್ತೆ.

ಹದಿಮೂರು ದಾಟಿದವರ ಕಥೆ ಬೇರೆ. ಇಲ್ಲಿ ಅಮ್ಮ ಹೊರಗೆ ಕೂರಬೇಕು, ಏನನ್ನು ಮನೆಯವರಿಗೆ ಹೇಳುತ್ತೇನೆ, ಏನನ್ನು ಹೇಳಲ್ಲ ಅನ್ನುವುದು ಮೊದಲ ದಿನವೇ ಎಲ್ಲರ ಮುಂದೆ ತೀರ್ಮಾನ ಆಗಬೇಕು. ಯೋಚನೆಯ ಕೆಲಸ ಇವರಿಗೆ ಹಿಡಿಸುತ್ತೆ, ಆದರೆ ಹಾಳೆ ಬೇಡ. ನಾನು ಕ್ರಿಕೆಟ್ಟಿನಲ್ಲಿ ಅಂಪೈರ್ ತೀರ್ಪನ್ನು ಮರುಪರಿಶೀಲಿಸುವ ಡಿಆರ್‌ಎಸ್ ಆಡಿಸುತ್ತೇನೆ. "ಎಸ್ಸೆಸ್ಸೆಲ್ಸಿಲಿ ಫೇಲೇ" ಅಂತ ಮನಸ್ಸು ಔಟ್ ಕೊಟ್ಟಿದೆ. ರಿವ್ಯೂ ತಗೋ. ಸ್ಕ್ರೀನಿನಲ್ಲಿ ನಿಜವಾಗಿ ಏನು ಕಾಣುತ್ತೆ? ಕೆಲವೊಮ್ಮೆ ಔಟೇ ಇರುತ್ತೆ, ಗಣಿತ ನಿಜವಾಗಲೂ ಹಿಂದಿದೆ. ಆಗ ಸಮಾಧಾನ ಹೇಳಲ್ಲ, ಟ್ಯೂಷನ್ ಬಗ್ಗೆ ಮಾತಾಡುತ್ತೇವೆ. ಎಲ್ಲ ಸರಿಯಾಗಿರಲೇಬೇಕು ಅನ್ನುವವರಿಗೆ, ಮಾದರಿ ಪರೀಕ್ಷೆಯಲ್ಲಿ ಗೊತ್ತಿರುವ ಎರಡು ಅಂಕದ ಪ್ರಶ್ನೆಯನ್ನು ಬೇಕೆಂದೇ ಬಿಟ್ಟು ಬರುವ ಎಕ್ಸ್‌ಪೋಶರ್. ಅಪ್ಪಂದಿರಿಗೆ ಸಿಟ್ಟು ಬರುತ್ತೆ, ಮೊದಲೇ ಹೇಳಿಡಿ.

ನಡುವೆ ವಾಟ್ಸಾಪ್ ಧ್ವನಿ ಸಂದೇಶವನ್ನೂ ನೋಡಿದೆ. ಭಯ ಆದ ಹೊತ್ತಿಗೇ ಹದಿನೈದು ಸೆಕೆಂಡ್ ಮಾತಾಡಿ ಕಳಿಸುವುದು. ಹಾಳೆಗಿಂತ ಎಷ್ಟೋ ಚೆನ್ನಾಗಿತ್ತು. ಆದರೆ ಫೋನ್ ಅಮ್ಮಂದು, ಮನೆಯವರೆಲ್ಲ ಕೇಳುತ್ತಿದ್ದರು. ಸ್ವಂತ ಫೋನ್ ಇಲ್ಲದವರಿಗೆ ನಿಲ್ಲಿಸಿದೆ. ಸೋಲಲು ಹೆದರುವ ಮಕ್ಕಳ ಜೊತೆ ಚೌಕಾಬಾರ ಆಡಿದ್ದು ಸಣ್ಣವರಿಗೆ ಫಲ ಕೊಟ್ಟಿತು, ದೊಡ್ಡವರು ಮೊಬೈಲ್ ನೋಡುತ್ತ ಕೂತರು.

ಮಾತ್ರೆ ಇಲ್ಲದೆ ಇದೆಲ್ಲ ಆಗಲ್ಲ ಅನ್ನುವವರೂ ಇದ್ದಾರೆ. ಅಮೆರಿಕದಲ್ಲಿ 7ರಿಂದ 17 ವರ್ಷದ 488 ಮಕ್ಕಳ ಮೇಲೆ ನಡೆದು 2008ರಲ್ಲಿ ಪ್ರಕಟವಾದ ಕ್ಯಾಮ್ಸ್ ಅಧ್ಯಯನ ನೋಡಿ. ಸಿಬಿಟಿ ಒಂದರಿಂದಲೇ ಶೇ. 60ರಷ್ಟು, ಸರ್ಟ್ರಾಲಿನ್ ಅನ್ನುವ ಮಾತ್ರೆ ಒಂದರಿಂದ 55, ಎರಡೂ ಸೇರಿದಾಗ 81ರಷ್ಟು ಮಕ್ಕಳು ಸುಧಾರಿಸಿದರು. ಹಾಗಾಗಿ ನನಗೆ ಮಾತ್ರೆಯ ಮೇಲೆ ಜಗಳವಿಲ್ಲ. ನಾಲ್ಕು ವಾರ ಮೆಟ್ಟಿಲು ಕದಲದಿದ್ದರೆ ಮನೋವೈದ್ಯರ ಹತ್ತಿರ ಕಳಿಸುತ್ತೇನೆ. ಸಾಯುವ ಮಾತು ಬಂದರೆ ಮೆಟ್ಟಿಲು ಅಲ್ಲಿಗೇ ನಿಲ್ಲಬೇಕು. ಅವತ್ತೇ ಮನೋವೈದ್ಯರು, ಮನೆಯವರ ಕೈಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416.

ಇನ್ನೊಂದು ಮಾತು. ದಸರಾ ರಜೆ, ಬೇಸಿಗೆ ರಜೆ ಆದ ಮೇಲೆ ಭಯ ವಾಪಸ್ ಬರುತ್ತೆ. ಶಾಲೆ ತೆರೆಯುವ ವಾರಕ್ಕೆ ಒಂದು ಭೇಟಿ ಉಚಿತವಾಗಿ ಇಟ್ಟಿದ್ದೇನೆ. ದಿನಾಂಕವನ್ನು ಮಾರ್ಚ್‌ನಲ್ಲೇ ಬರೆದುಕೊಡಿ, ಇಲ್ಲದಿದ್ದರೆ ಯಾರೂ ಬರಲ್ಲ.